ದೂರು ಹೇಳುವವಳಿಗೆ ದೂರವಾಣಿ ಎಲ್ಲಿದೆ?

(ಮಹಿಳಾ ಸಂಘಟನೆಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಗಿನಿಂದ ಇಲ್ಲಿ ವರದಕ್ಷಿಣೆಯ ಬಗ್ಗೆ, ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ, ಠಾಣೆ ಕೋರ್ಟುಗಳ ಅಲೆದಾಟದ ಬಗ್ಗೆ ಮಾತಾಗಿದೆ. ನನಗೆ ಕೊಟ್ಟ ವಿಷಯ ಬೇರೆ. ಅಂಗವಿಕಲರಿಗೆ ಫೋನು, ಸಂದೇಶ, ಇಂಟರ್‌ನೆಟ್ ಮುಂತಾದ ಸಂಪರ್ಕ ಸೇವೆಗಳು ಎಲ್ಲರಂತೆ ಸಿಗಬೇಕು ಎನ್ನುವುದು. ‘ಇದು ಟೆಲಿಫೋನ್ ಇಲಾಖೆಯವರು ಮಾತಾಡಬೇಕಾದ್ದು, ನಮ್ಮ ಸಭೆಗೆ ಹೇಗೆ ಬಂತು?’ ಎಂದು ಹಿರಿಯರೊಬ್ಬರು ಕಾಫಿಯ ಹೊತ್ತಿನಲ್ಲಿ ನನ್ನನ್ನು ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಕಷ್ಟದಲ್ಲಿರುವ ಹೆಣ್ಣುಮಗಳಿಗೆ ನಾವು ಮೊದಲು ಹೇಳುವ ಮಾತು ಯಾವುದು? ‘ತೊಂದರೆಯಾದರೆ ಒಂದು ಫೋನ್ ಮಾಡಮ್ಮ.’ 181 ಇದೆ, 112 ಇದೆ, ನಮ್ಮ ನಮ್ಮ ಸಂಘಟನೆಗಳ ನಂಬರುಗಳಿವೆ. ಬಸ್ ನಿಲ್ದಾಣದ ಗೋಡೆಗೆ, ಆಸ್ಪತ್ರೆಯ ಬಾಗಿಲಿಗೆ ಭಿತ್ತಿಪತ್ರ ಅಂಟಿಸಿ ಬರುತ್ತೇವೆ. ಆ ಭಿತ್ತಿಪತ್ರ ಓದಲು ಕಣ್ಣು ಬೇಕು. ಕರೆ ಮಾಡಿದರೆ ಆ ಕಡೆಯವರು ಕೇಳುವ ಪ್ರಶ್ನೆ ಕೇಳಿಸಲು ಕಿವಿ ಬೇಕು, ಉತ್ತರಿಸಲು ಬಾಯಿ ಬೇಕು. ಇವೆಲ್ಲ ಇಲ್ಲದ ಹೆಂಗಸರಿಗೂ ಗಂಡಂದಿರಿದ್ದಾರೆ, ಅತ್ತೆಯಂದಿರಿದ್ದಾರೆ, ಹೊಡೆತಗಳಿವೆ. 2011ರ ಜನಗಣತಿ ಲೆಕ್ಕ ಹಾಕಿದ್ದು ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು. ಅವರಲ್ಲಿ 1.18 ಕೋಟಿ ಹೆಂಗಸರು. ನಮ್ಮ ರಾಜ್ಯದಲ್ಲೇ ಗಂಡು ಹೆಣ್ಣು ಸೇರಿ 13 ಲಕ್ಷಕ್ಕೂ ಹೆಚ್ಚು ಜನ. ಅಂಗವಿಕಲ ಗಂಡಸರಲ್ಲಿ ನೂರಕ್ಕೆ 62 ಮಂದಿ ಅಕ್ಷರಸ್ಥರಾದರೆ, ಹೆಂಗಸರಲ್ಲಿ 45 ಮಂದಿ. ಈ ಲೆಕ್ಕ ಹಳೆಯದಾಯಿತು, ಆದರೆ ಇದಾದ ಮೇಲಿನ ಗಣತಿಯ ಅಂಕಿ ಕೈಯಲ್ಲಿ ಇಲ್ಲ. ಅಂಗವಿಕಲರು ಎಂದಿದ್ದನ್ನು ವಿಕಲಚೇತನರು ಎಂದರು, ಆಮೇಲೆ ವಿಶೇಷಚೇತನರು ಎಂದರು. ನಾನು ಹಳೆಯ ಶಬ್ದವನ್ನೇ ಬಳಸುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ.

ನನಗೆ ಮೂರನೇ ವರ್ಷದಿಂದ ಕಣ್ಣಿಲ್ಲ. ಅಂಧರ ವಸತಿಶಾಲೆಯಲ್ಲಿ ಓದಿದವಳು. ಮದುವೆಯಾದಾಗ ‘ಕಣ್ಣಿಲ್ಲದ ಹುಡುಗಿ’ ಎಂದು ಎರಡು ತೊಲ ಚಿನ್ನ ಹೆಚ್ಚು ಕೇಳಿದ್ದರು, ಅಪ್ಪ ಕೊಟ್ಟಿದ್ದ. ಆ ಮನೆಯಲ್ಲಿ ನಡೆದದ್ದು ಇಲ್ಲಿರುವ ಬಹಳ ಜನರ ಮನೆಗಳಲ್ಲಿ ನಡೆದದ್ದೇ, ಅದನ್ನು ಬೆಳೆಸುವುದಿಲ್ಲ. ನಾನು ಹೇಳಬೇಕಾದ್ದು ಪತ್ರದ ವಿಷಯ. ಆಗ ನಮ್ಮ ಊರಿನ ಕಡೆ ಮನೆಗಳಲ್ಲಿ ಫೋನ್ ಇರಲಿಲ್ಲ. ತವರಿಗೆ ಏನಾದರೂ ತಿಳಿಸಬೇಕೆಂದರೆ ನಾದಿನಿಯ ಕೈಯಲ್ಲಿ ಬರೆಸಬೇಕು. ನಾನು ಹೇಳಿದ್ದನ್ನೇ ಅವಳು ಬರೆದಳೆನ್ನುವುದಕ್ಕೆ ಏನು ಖಾತ್ರಿ? ತವರಿನಿಂದ ಬಂದ ಉತ್ತರವನ್ನು ಓದಿ ಹೇಳುವವಳೂ ಅವಳೇ. ‘ಎಲ್ಲರೂ ಕ್ಷೇಮ, ನೀವೂ ಕ್ಷೇಮವೆಂದು ನಂಬಿರುತ್ತೇವೆ’ ಎಂದು ಹೋಗುತ್ತಿತ್ತು, ಹಾಗೆಯೇ ಬರುತ್ತಿತ್ತು. ನನ್ನ ಪೆಟ್ಟಿಗೆಯಲ್ಲಿ ಬ್ರೈಲ್ ಬರೆಯುವ ಸ್ಲೇಟು, ಮೊಳೆಯಂಥ ಕಡ್ಡಿ ಎರಡೂ ಇದ್ದವು. ಅಂಧರ ಲಿಪಿಯ ಕಾಗದವನ್ನು ಅಂಚೆಯವರು ಹಣ ತೆಗೆದುಕೊಳ್ಳದೆ ಸಾಗಿಸುತ್ತಾರೆ ಕೂಡ. ಆದರೆ ನಮ್ಮಪ್ಪನ ಮನೆಯಲ್ಲಿ ಬ್ರೈಲ್ ಓದುವವರು ಯಾರು? ಹಾಗಾಗಿ ನಾನು ಬರೆದದ್ದು ಇನ್ನೂರು ಮೈಲಿ ದೂರದಲ್ಲಿದ್ದ ನನ್ನ ಶಾಲೆಯ ಗೆಳತಿಗೆ. ಅವಳಿಗೂ ಕಣ್ಣಿಲ್ಲ. ನಾದಿನಿ ಆ ದಪ್ಪ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ತಿಳಿಯದೆ ಅಂಚೆಯವನ ಕೈಗೆ ಕೊಟ್ಟಳು. ಗೆಳತಿ ಅದನ್ನು ಬೆರಳಲ್ಲಿ ಓದಿ, ತನ್ನ ಅಣ್ಣನ ಜೊತೆ ಬಸ್ಸು ಹತ್ತಿ ನನ್ನ ತವರಿಗೆ ಹೋಗಿ ಬಾಯಲ್ಲಿ ಹೇಳಿದಳು. ಅಮ್ಮ ಬಂದು ನನ್ನನ್ನು ಕರೆದುಕೊಂಡು ಹೋದದ್ದು ಹಾಗೆ.

ಆಮೇಲೆ ನಾನು ಬದುಕಿದ್ದು ಟೆಲಿಫೋನ್ ಆಪರೇಟರ್ ಆಗಿ. ಕಣ್ಣಿಲ್ಲದವರಿಗೆ ಆ ಕಾಲದಲ್ಲಿ ಸಿಗುತ್ತಿದ್ದ ಕೆಲವೇ ಕೆಲಸಗಳಲ್ಲಿ ಅದೂ ಒಂದು. ಊರವರ ಕರೆಗಳನ್ನೆಲ್ಲ ಜೋಡಿಸುತ್ತಾ ಇಪ್ಪತ್ತೇಳು ವರ್ಷ ಕಳೆದೆ. ನಿವೃತ್ತಿಯಾದ ಮೇಲೆ ವಾರಕ್ಕೆ ಎರಡು ದಿನ ಒಂದು ಮಹಿಳಾ ಸಹಾಯವಾಣಿಯಲ್ಲಿ ಕೂರುತ್ತೇನೆ. ಅಲ್ಲಿ ಕೂತಾಗಲೇ ನನಗೆ ತಿಳಿದದ್ದು, ಕೆಲವು ಕರೆಗಳು ಬಂದ ಹಾಗೆಯೇ ನಿಂತುಹೋಗುತ್ತವೆ ಎಂದು. ಆ ಕಡೆ ಉಸಿರು ಕೇಳುತ್ತದೆ. ಬಳೆ ಸದ್ದು ಕೇಳುತ್ತದೆ. ಒಮ್ಮೊಮ್ಮೆ ಗಂಟಲಿನಿಂದ ಒಂದು ಸ್ವರ. ‘ಹಲೋ, ಮಾತಾಡಿ’ ಎಂದು ನಾಲ್ಕು ಸಲ ಹೇಳಿ ಇಡುತ್ತೇವೆ. ರಿಜಿಸ್ಟರಿನಲ್ಲಿ ಅದನ್ನು ‘ಮೌನ ಕರೆ’ ಎಂದು ಬರೆಯುತ್ತಾರೆ. ಎಲ್ಲವೂ ಕಿವುಡ ಹೆಂಗಸರದ್ದೇ ಎಂದು ನಾನು ಹೇಳಲಾರೆ. ಆದರೆ ಒಬ್ಬಳು ಮರುದಿನ ತಂಗಿಯನ್ನು ಕರೆದುಕೊಂಡು ನಮ್ಮ ಕೇಂದ್ರಕ್ಕೇ ಬಂದಳು. ಹಿಂದಿನ ರಾತ್ರಿ ಐದು ಸಲ ಕರೆ ಮಾಡಿದ್ದಳಂತೆ. ಹಚ್ಚಿದ ಫೋನಿಗೆ ಯಾರಾದರೂ ಬಂದೇ ಬರುತ್ತಾರೆಂದು ತಿಳಿದಿದ್ದಳು.

ಈಗ ಟೆಲಿಫೋನಿನ ಕಥೆಯನ್ನೇ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಾವು ಕಲಿಯುವುದಿದೆ. 1876ರಲ್ಲಿ ಟೆಲಿಫೋನಿಗೆ ಹಕ್ಕುಪತ್ರ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡರಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು. ಅವನ ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಹೆಂಡತಿ ಮೇಬಲ್ ಚಿಕ್ಕಂದಿನಲ್ಲೇ ಜ್ವರದಿಂದ ಕಿವಿ ಕಳೆದುಕೊಂಡವಳು. ಆ ಮನೆಯಿಂದ ಬಂದ ಯಂತ್ರದಿಂದ ಆ ಮನೆಯ ಹೆಂಗಸರಿಗೇ ಉಪಯೋಗವಿರಲಿಲ್ಲ. ಕಿವುಡರು ಫೋನಿನ ತಂತಿಯಲ್ಲಿ ತಾವೇ ಮಾತಾಡುವಂತಾಗಲು 1964 ಬರಬೇಕಾಯಿತು. ಎಂಬತ್ತೆಂಟು ವರ್ಷ! ಅದನ್ನು ಮಾಡಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಮೂವರು ಕಿವುಡರು. ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್, ದಂತವೈದ್ಯ ಜೇಮ್ಸ್ ಮಾರ್ಸ್ಟರ್ಸ್, ಇಂಜಿನಿಯರ್ ಆಂಡ್ರ್ಯೂ ಸ್ಯಾಕ್ಸ್. ಹಳೆಯ ಟೆಲಿಪ್ರಿಂಟರುಗಳಿಗೆ ವೈಟ್‌ಬ್ರೆಕ್ಟ್ ಒಂದು ಪೆಟ್ಟಿಗೆ ಮಾಡಿದ. ಫೋನಿನ ರಿಸೀವರನ್ನು ಅದರ ಮೇಲೆ ಇಟ್ಟರೆ, ಟೈಪ್ ಮಾಡಿದ ಅಕ್ಷರ ಸ್ವರವಾಗಿ ತಂತಿಯಲ್ಲಿ ಹೋಗಿ ಆ ಕಡೆ ಮತ್ತೆ ಅಕ್ಷರವಾಗುತ್ತಿತ್ತು. ರಿಸೀವರನ್ನು ಮೇಲೆ ಇಡುವ ಉಪಾಯವೇಕೆ ಎಂದರೆ, ತನ್ನ ತಂತಿಗೆ ಬೇರೆಯವರು ಯಾವ ಸಾಧನವನ್ನೂ ಜೋಡಿಸಕೂಡದು ಎಂದು ಅಲ್ಲಿನ ಫೋನ್ ಕಂಪನಿಯ ನಿಯಮವಿತ್ತು. ನಿಯಮ ಮಾಡಿದವರ ಮನಸ್ಸಿನಲ್ಲಿ ಕಿವುಡರು ಇರಲೇ ಇಲ್ಲ.

ಆದರೂ ಆ ಯಂತ್ರ ಇಬ್ಬರ ಬಳಿಯೂ ಇರಬೇಕಿತ್ತು. ಡಾಕ್ಟರಿಗೆ, ಪೊಲೀಸರಿಗೆ, ಅಮ್ಮನಿಗೆ ಫೋನ್ ಮಾಡುವುದು ಹೇಗೆ? ನಡುವೆ ಒಬ್ಬ ಆಪರೇಟರ್ ಕೂತು, ಕಿವುಡರು ಟೈಪ್ ಮಾಡಿದ್ದನ್ನು ಓದಿ ಹೇಳಿ, ಆ ಕಡೆಯವರು ಆಡಿದ್ದನ್ನು ಟೈಪ್ ಮಾಡುವ ಪದ್ಧತಿ ಬಂತು. ಮೊದಮೊದಲು ಅದು ಸ್ವಯಂಸೇವಕರ ಕೆಲಸ, ಅಂದರೆ ಧರ್ಮದ ಕೆಲಸ. 26 ಜುಲೈ 1990ರಂದು ಸಹಿಯಾದ ಅಮೆರಿಕದ ಅಂಗವಿಕಲರ ಕಾಯ್ದೆ ಇದನ್ನು ಫೋನ್ ಕಂಪನಿಗಳ ಕರ್ತವ್ಯ ಮಾಡಿತು. 1993ರ ಜುಲೈ ಒಳಗೆ ದೇಶದಾದ್ಯಂತ ಈ ಸೇವೆ ಇರಬೇಕು ಎಂದಿತು. 2001ರ ಅಕ್ಟೋಬರಿನಿಂದ 711 ಒತ್ತಿದರೆ ಎಲ್ಲಿಂದಲಾದರೂ ಸಿಗುತ್ತದೆ. ಆಮೇಲೆ ಕ್ಯಾಮರಾದ ಮುಂದೆ ಸನ್ನೆ ಭಾಷೆಯಲ್ಲೇ ಮಾತಾಡುವ ಸೇವೆಯೂ ಸೇರಿತು. ಖರ್ಚನ್ನು ಒಂದು ನಿಧಿ ಕೊಡುತ್ತದೆ, ಆ ನಿಧಿಗೆ ಫೋನ್ ಕಂಪನಿಗಳೆಲ್ಲ ಹಣ ಹಾಕಬೇಕು.

ಆ ಕಾಯ್ದೆಯ ನಾಲ್ಕೈದು ವಾಕ್ಯಗಳು ನನಗೆ ಬಹಳ ಮುಖ್ಯವಾಗಿ ಕಂಡವು. ಸೇವೆ ದಿನದ 24 ಗಂಟೆಯೂ ಇರಬೇಕು. ಮಾಮೂಲಿ ಕರೆಗಿಂತ ಹೆಚ್ಚು ದರ ಹಾಕಬಾರದು. ನಡುವೆ ಕೂತ ಆಪರೇಟರ್ ಕರೆಯನ್ನು ನಿರಾಕರಿಸಕೂಡದು, ಇಷ್ಟು ಹೊತ್ತು ಸಾಕು ಎಂದು ಮಿತಿ ಹಾಕಕೂಡದು. ಆಡಿದ ಮಾತನ್ನು ಬೇಕೆಂದು ಬದಲಿಸಕೂಡದು. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಕೂಡದು, ಕರೆ ಮುಗಿದ ಮೇಲೆ ಅದರ ದಾಖಲೆ ಇಟ್ಟುಕೊಳ್ಳಕೂಡದು. ನಾನೂ ಆಪರೇಟರ್ ಆಗಿದ್ದವಳು, ಈ ನಿಯಮಗಳ ಬೆಲೆ ನನಗೆ ಗೊತ್ತು. ಈಗ ನನ್ನ ನಾದಿನಿ ಬರೆಯುತ್ತಿದ್ದ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲೂ ಒಬ್ಬಳು ನಡುವೆ ಕೂತಿದ್ದಳು. ಅವಳಿಗೆ ಇಂಥ ಯಾವ ಕಟ್ಟುಪಾಡೂ ಇರಲಿಲ್ಲ. ಅಮೆರಿಕದಲ್ಲಿ 1996ರಲ್ಲಿ ಕೌಟುಂಬಿಕ ಹಿಂಸೆಗೆ ರಾಷ್ಟ್ರೀಯ ಸಹಾಯವಾಣಿ ಶುರುವಾದಾಗ ಕಿವುಡ ಹೆಂಗಸರ ಟೈಪಿಂಗ್ ಯಂತ್ರಕ್ಕೆ ಬೇರೆ ನಂಬರನ್ನೇ ಇಟ್ಟಿದ್ದರು. ಅಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಹೆಣ್ಣುಮಗಳು ಫೋನ್ ಮಾಡುತ್ತಾಳೆ ಎಂದು ಯಾರೋ ಮೊದಲೇ ಯೋಚಿಸಿದ್ದರು.

ನಮ್ಮ ದೇಶಕ್ಕೆ ಬರೋಣ. ಎಸ್‌ಟಿಡಿ ಬೂತುಗಳ ಕಾಲ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ತರಕಾರಿ ತರುವ ನೆಪದಲ್ಲಿ ಹೋಗಿ ಗಾಜಿನ ಗೂಡಿನಲ್ಲಿ ನಿಂತು ತವರಿಗೆ ಅಳುತ್ತಾ ಮಾತಾಡಿದ ಹೆಂಗಸರು ಎಷ್ಟು ಜನ! ಆ ಬೂತುಗಳನ್ನು ಹಂಚುವಾಗ ಅಂಗವಿಕಲರಿಗೆ ಆದ್ಯತೆ ಕೊಡುತ್ತಿದ್ದರು. ಕೌಂಟರಿನಲ್ಲಿ ಕೂತು ಬಿಲ್ಲು ಹರಿಯುವವರು ಅಂಗವಿಕಲರು. ಒಬ್ಬ ಕಿವುಡ ಹೆಂಗಸು ಬಂದರೆ ಅವಳಿಗೆ ಅಲ್ಲಿ ಮಾಡುವುದೇನೂ ಇರಲಿಲ್ಲ. ಅಂಗವಿಕಲರಿಗೆ ಜೀವನೋಪಾಯ ಕೊಡಬೇಕು ಎಂದು ಸರ್ಕಾರಕ್ಕೆ ಹೊಳೆದಿತ್ತು, ಅವರಿಗೂ ಯಾರಿಗಾದರೂ ಏನಾದರೂ ಹೇಳಲಿಕ್ಕಿರುತ್ತದೆ ಎಂದು ಹೊಳೆದಿರಲಿಲ್ಲ.

ಮೊಬೈಲ್ ಬಂದ ಮೇಲೆ ಕಿವುಡರ ಪಾಲಿಗೆ ಮೊದಲ ನಿಜವಾದ ಫೋನ್ ಎಂದರೆ ಎಸ್ಸೆಮ್ಮೆಸ್. ಅಕ್ಷರ ಬಲ್ಲ ಕಿವುಡ ಹುಡುಗಿಯರು ಅದರಲ್ಲೇ ಮಾತಾಡಿದರು, ಜಗಳವಾಡಿದರು, ಪ್ರೀತಿ ಮಾಡಿದರು. 2011ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಜಾಹೀರಾತು ಸಂದೇಶಗಳ ಹಾವಳಿ ತಡೆಯಲು, ಒಂದು ಸಿಮ್‌ನಿಂದ ದಿನಕ್ಕೆ 100ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದು ಎಂದಿತು. ಆಮೇಲೆ ಅದನ್ನು 200 ಮಾಡಿದರು. ಬಾಯಿ ಇರುವವರಿಗೆ ನೂರು ಸಂದೇಶ ಬೇಕಾದಷ್ಟಾಯಿತು. ನೀವು ದಿನಕ್ಕೆ ಎಷ್ಟು ವಾಕ್ಯ ಆಡುತ್ತೀರಿ, ಎಣಿಸಿ ನೋಡಿ. 2012ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಜನ ವದಂತಿಗೆ ಹೆದರಿ ರೈಲು ತುಂಬಿ ಊರಿಗೆ ಹೋದರಲ್ಲ, ಆಗ ಕೇಂದ್ರ ಸರ್ಕಾರ ಕೆಲವು ದಿನ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಕಟ್ಟಳೆ ಹಾಕಿತು, ಮುಂದೆ ಇಪ್ಪತ್ತು ಮಾಡಿತು. ಕರೆಗಳಿಗೆ ತಡೆ ಇರಲಿಲ್ಲ. ವದಂತಿ ತಡೆಯಬೇಕಾದ್ದು ಸರಿ. ಆದರೆ ಆ ದಿನಗಳಲ್ಲಿ ಒಬ್ಬ ಕಿವುಡ ಹೆಂಗಸಿಗೆ ಇಡೀ ದಿನಕ್ಕೆ ಸಿಕ್ಕ ಮಾತು ಐದು.

ಈಗ ಕೈಗೆ ವಿಡಿಯೋ ಕರೆ ಬಂದಿದೆ. ಸನ್ನೆ ಬಲ್ಲವರು ಪರಸ್ಪರ ಗಂಟೆಗಟ್ಟಲೆ ಮಾತಾಡುತ್ತಾರೆ, ಇದು ದೊಡ್ಡ ಬದಲಾವಣೆ. ಸನ್ನೆ ಬಾರದ ಪೊಲೀಸರ ಜೊತೆ, ವಕೀಲರ ಜೊತೆ ಮಾತಾಡಬೇಕಾದರೆ ಮಾತ್ರ ಹಳೆಯ ಕಷ್ಟವೇ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರ ಆಗಿದೆ, 2018ರಲ್ಲಿ 3,000 ಶಬ್ದಗಳ ನಿಘಂಟು ತಂದರು, 2021ರ ಹೊತ್ತಿಗೆ ಅದು 10,000 ಶಬ್ದಕ್ಕೆ ಬೆಳೆದಿದೆ. ದೂರಸಂಪರ್ಕ ಪ್ರಾಧಿಕಾರವೇ 2018ರ ಜುಲೈನಲ್ಲಿ ಅಂಗವಿಕಲರಿಗೆ ಸಂಪರ್ಕ ತಂತ್ರಜ್ಞಾನ ಎಟುಕುವಂತೆ ಮಾಡಲು ಶಿಫಾರಸುಗಳನ್ನು ಕೊಟ್ಟಿದೆ. ಆದರೆ ನಡುವೆ ಕೂತು ಮಾತು ದಾಟಿಸುವ ಸೇವೆಯನ್ನು ಫೋನ್ ಕಂಪನಿಗಳು ಕೊಡಲೇಬೇಕೆಂದು ನಮ್ಮ ಕಾನೂನು ಕಡ್ಡಾಯ ಮಾಡಿಲ್ಲ. ಹಾಗಾಗಿ ಕಿವುಡ ಹೆಂಡತಿಯ ಪರವಾಗಿ ಠಾಣೆಯಲ್ಲಿ ಮಾತಾಡುವವನು ಯಾರು? ಗಂಡ. ಇಲ್ಲವೇ ಮೈದುನ. ‘ಏನಿಲ್ಲ ಸಾರ್, ಜಾರಿ ಬಿದ್ದಳು ಅಂತಿದಾಳೆ.’

ಇಲ್ಲಿ ಕಾನೂನಿನಲ್ಲೇ ಒಂದು ತೂತು ಇದೆ, ವಕೀಲೆಯರು ದಯವಿಟ್ಟು ಗಮನಿಸಬೇಕು. ದೆಹಲಿಯ ಪ್ರಕರಣದ ನಂತರ 2013ರಲ್ಲಿ ತಿದ್ದುಪಡಿಯಾಗಿ, ಅಂಗವಿಕಲ ಹೆಂಗಸು ದೂರು ಕೊಡುವಾಗ ಪೊಲೀಸರು ಅವಳ ಮನೆಗೆ ಅಥವಾ ಅವಳು ಹೇಳಿದ ಜಾಗಕ್ಕೆ ಹೋಗಿ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಎದುರು ಬರೆದುಕೊಳ್ಳಬೇಕು, ವಿಡಿಯೋ ಮಾಡಬೇಕು ಎಂದು ಬಂತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಅದೇ ಇದೆ. ಒಳ್ಳೆಯದೇ. ಆದರೆ ಅದು ಅನ್ವಯಿಸುವ ಅಪರಾಧಗಳ ಪಟ್ಟಿ ಓದಿಸಿ ಕೇಳಿ: ಅತ್ಯಾಚಾರ, ಲೈಂಗಿಕ ಕಿರುಕುಳ, ಆಸಿಡ್ ದಾಳಿ. ನಾವು 498ಎ ಎಂದು ಕರೆಯುತ್ತಾ ಬಂದ, ಈಗ ನ್ಯಾಯ ಸಂಹಿತೆಯ 85 ಆಗಿರುವ ಗಂಡ ಮತ್ತು ಅವನ ಮನೆಯವರ ಕ್ರೌರ್ಯ ಆ ಪಟ್ಟಿಯಲ್ಲಿ ಇಲ್ಲ. ಬೀದಿಯಲ್ಲಿ ಆದ ದೌರ್ಜನ್ಯಕ್ಕೆ ದುಭಾಷಿ ಬರಬೇಕು, ಮನೆಯಲ್ಲಿ ದಿನವೂ ತಿನ್ನುವ ಏಟಿಗೆ ಬೇಡ! ಇಂಥ ವಿಚಿತ್ರ ಹೇಗೆ ಉಳಿಯಿತೋ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅದರ 12ನೇ ಕಲಮು ನ್ಯಾಯದ ಬಾಗಿಲು ಅಂಗವಿಕಲರಿಗೆ ತೆರೆದಿರಬೇಕು ಎನ್ನುತ್ತದೆ, ಅಲ್ಲಿ ಅಪರಾಧಗಳ ಪಟ್ಟಿ ಇಲ್ಲ. 7ನೇ ಕಲಮು ಹಿಂಸೆ, ಶೋಷಣೆಗಳಿಂದ ರಕ್ಷಣೆಯ ಬಗ್ಗೆ ಇದೆ, ಆ ಪ್ರಕಾರ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಡಬಹುದು. ಇವನ್ನು ಹಿಡಿದು ದುಭಾಷಿಯನ್ನು ಕೇಳಿ. ಸಾಕ್ಷ್ಯದ ಕಾನೂನಿನ ಪ್ರಕಾರ ಮಾತಾಡಲಾಗದವರು ತೆರೆದ ನ್ಯಾಯಾಲಯದಲ್ಲಿ ಬರೆದು ಅಥವಾ ಸನ್ನೆಯಿಂದ ಹೇಳಿದ್ದು ಬಾಯಿ ಸಾಕ್ಷ್ಯವೆಂದೇ ಲೆಕ್ಕ. ದುಭಾಷಿಯೂ ಪ್ರಮಾಣ ಮಾಡಬೇಕು, ಆ ಪ್ರಕರಣದಲ್ಲಿ ಅವರಿಗೆ ಸ್ವಂತ ಹಿತ ಇರಬಾರದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಮೈದುನನನ್ನು ಕುರ್ಚಿಯಿಂದ ಎಬ್ಬಿಸಲು ಆ ಮಾತು ಸಾಕು. ಕಣ್ಣಿಲ್ಲದ ದಲಿತ ಹೆಣ್ಣುಮಗಳೊಬ್ಬಳು ಅತ್ಯಾಚಾರ ಮಾಡಿದವನನ್ನು ದನಿಯಿಂದ ಗುರುತಿಸಿದ ಪ್ರಕರಣದಲ್ಲಿ ಅದೇ ಕೋರ್ಟು 2021ರಲ್ಲಿ, ಅಂಗವಿಕಲಳ ಸಾಕ್ಷ್ಯವನ್ನು ಅಷ್ಟಕ್ಕೇ ದುರ್ಬಲವೆಂದು ತಳ್ಳುವಂತಿಲ್ಲ ಎಂದಿತು. ನಮ್ಮಂಥವರಿಗೆ ದನಿಯೇ ಮುಖ. ಅದು ಕೋರ್ಟಿಗೆ ತಿಳಿದದ್ದು ತಡವಾದರೂ ಸಂತೋಷ.

ಇನ್ನು ಕಣ್ಣಿಲ್ಲದವರ ಫೋನಿನ ಬಗ್ಗೆ. ನನ್ನ ಕೈಯಲ್ಲಿರುವ ಮೊಬೈಲು ತೆರೆಯ ಮೇಲಿನದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶವಿದೆ, ಆಸ್ಟ್ರೇಲಿಯಾದ ಕಣ್ಣಿಲ್ಲದ ಹುಡುಗನೊಬ್ಬ 2006ರಲ್ಲಿ ಶುರು ಮಾಡಿದ್ದು, ಹಣ ಕೊಡಬೇಕಿಲ್ಲ. ಇವು ಇದ್ದಿದ್ದರೆ ನನ್ನ ಪತ್ರಕ್ಕೆ ನಾದಿನಿ ಬೇಕಿರಲಿಲ್ಲ. ಆದರೆ ಒಂದು ಮಾತು ಯೋಚಿಸಿ. ಫೋನು ಗಟ್ಟಿಯಾಗಿ ಓದುತ್ತದೆ. ಅಡುಗೆಮನೆಯಲ್ಲಿ ಅತ್ತೆ ನಿಂತಿರುವಾಗ ‘ನಿಮ್ಮ ದೂರು ಸ್ವೀಕರಿಸಲಾಗಿದೆ, ದೂರಿನ ಸಂಖ್ಯೆ ಇಂತಿಷ್ಟು’ ಎಂದು ಓದಿದರೆ ಆ ಹೆಂಗಸಿನ ಗತಿ ಏನು? ಕಣ್ಣಿಲ್ಲದ ಹೆಂಗಸು ಕೇಂದ್ರಕ್ಕೆ ಬಂದರೆ ನಾನು ಮೊದಲು ಕೇಳುವುದು ಇಯರ್‌ಫೋನ್ ಇದೆಯೇ, ಸಂದೇಶ ಎಷ್ಟು ಹೊತ್ತಿಗೆ ಕಳಿಸಬಹುದು ಎಂದು. ಯಾವ ಇಲಾಖೆಯ ನಮೂನೆಯಲ್ಲೂ ಈ ಪ್ರಶ್ನೆ ನಾನು ಕಂಡಿಲ್ಲ. ಎಫ್‌ಐಆರ್ ಪ್ರತಿ ದೂರುದಾರಳಿಗೆ ಉಚಿತವಾಗಿ ಕೊಡಬೇಕು, ಬರೆದುಕೊಂಡದ್ದನ್ನು ಅವಳಿಗೆ ಓದಿ ಹೇಳಬೇಕು ಎಂದು ಕಾನೂನಿದೆ. ಪ್ರತಿಯನ್ನು ಫೋಟೋ ತೆಗೆದು ಕಳಿಸುತ್ತಾರೆ. ಫೋಟೋದಲ್ಲಿರುವ ಅಕ್ಷರವನ್ನು ನನ್ನ ಫೋನು ನೆಟ್ಟಗೆ ಓದುವುದಿಲ್ಲ. ವೆಬ್‌ಸೈಟಿನಲ್ಲಿ ದೂರು ಕೊಡೋಣವೆಂದರೆ ‘ಈ ಚಿತ್ರದಲ್ಲಿ ಕಾಣುವ ಅಕ್ಷರ ಬರೆಯಿರಿ’ ಎನ್ನುತ್ತದೆ. ನಾನು ಮನುಷ್ಯಳೋ ಯಂತ್ರವೋ ಎಂದು ಪರೀಕ್ಷೆಯಂತೆ!

ಇದಕ್ಕಿಂತ ಕ್ರೂರವಾದ ಪರೀಕ್ಷೆ ಇನ್ನೊಂದಿದೆ. ಬ್ಯಾಂಕ್ ಖಾತೆಗೆ, ಸಿಮ್ ಕಾರ್ಡಿಗೆ ಗುರುತು ತೋರಿಸುವಾಗ ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಿ ಎನ್ನುತ್ತಾರೆ, ಜೀವಂತ ಇದ್ದೀರೆಂದು ತಿಳಿಯಲು. ಆಸಿಡ್ ದಾಳಿಯಲ್ಲಿ ಮುಖ, ಕಣ್ಣುರೆಪ್ಪೆ ಸುಟ್ಟ ಹೆಂಗಸು ಹೇಗೆ ಮಿಟುಕಿಸಬೇಕು? ದಾಳಿಗೊಳಗಾಗಿ ಬದುಕಿದ ಪ್ರಜ್ಞಾ ಪ್ರಸೂನ್ ಅವರು 2023ರಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದಾಗ ಇದೇ ಆಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಕಣ್ಣಿಲ್ಲದ ವಕೀಲ ಅಮರ್ ಜೈನ್ ಅವರ ಅರ್ಜಿಯೂ ಜೊತೆಗಿತ್ತು. 30 ಏಪ್ರಿಲ್ 2025ರಂದು ನ್ಯಾಯಮೂರ್ತಿಗಳಾದ ಪಾರ್ದಿವಾಲಾ ಮತ್ತು ಮಹಾದೇವನ್ ಅವರು, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟರು. ಮಿಟುಕಿಸುವುದಕ್ಕೆ ಬದಲಿ ದಾರಿ ಇಡಬೇಕು ಎನ್ನುವುದು ಅದರಲ್ಲಿದೆ. ಅದಕ್ಕೂ ಹಿಂದೆ, 2024ರ ನವೆಂಬರಿನಲ್ಲಿ, ರಾಜೀವ್ ರತೂರಿ ಪ್ರಕರಣದಲ್ಲಿ ಅದೇ ಕೋರ್ಟು, ಅನುಕೂಲತೆಯ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮಗಳಾಗಬೇಕು ಎಂದಿತ್ತು. ಗಂಡನ ಮನೆ ಬಿಟ್ಟು ಬಂದವಳಿಗೆ ತನ್ನ ಹೆಸರಿನ ಖಾತೆ, ತನ್ನ ಹೆಸರಿನ ಸಿಮ್ ಎಂದರೆ ಏನೆಂದು ಈ ಸಭೆಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಬಗ್ಗೆ. ನಮ್ಮ ಬಳಿ ಬಂದ ಒಬ್ಬ ಹೆಂಗಸಿನ ಕಿವಿಯ ಯಂತ್ರವನ್ನು ಗಂಡ ಪ್ರತಿ ರಾತ್ರಿ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಇನ್ನೊಬ್ಬಳ ಫೋನಿನ ಓದುವ ದನಿಯನ್ನು ಅವಳ ಮಗನ ಕೈಯಲ್ಲೇ ಬಂದ್ ಮಾಡಿಸಿದ್ದರು, ಫೋನು ಅವಳ ಪಾಲಿಗೆ ಗಾಜಿನ ಚೂರಾಗಿತ್ತು. ‘ಹೊಡೆದಿಲ್ಲವಲ್ಲಮ್ಮ’ ಎಂದರು ಠಾಣೆಯಲ್ಲಿ. ಆ ಕಾಯ್ದೆಯ 3ನೇ ಕಲಮಿನ ವಿವರಣೆ ತೆಗೆದು ನೋಡಿ. ಹೆಂಗಸಿಗೆ ಬಳಸಲು ಹಕ್ಕಿರುವ ಸಂಪನ್ಮೂಲ, ಸೌಲಭ್ಯಗಳನ್ನು ತಡೆಯುವುದು ಆರ್ಥಿಕ ದೌರ್ಜನ್ಯ ಎಂದು ಅಲ್ಲಿ ಬರೆದಿದೆ. ಕಿವಿಯ ಯಂತ್ರ, ಬಿಳಿಕೋಲು, ಗಾಲಿಕುರ್ಚಿ, ಫೋನು ಎಲ್ಲ ಅದರಡಿ ಬರುತ್ತವೆ ಎಂದು ವಾದಿಸಬಹುದು. ರಕ್ಷಣಾಧಿಕಾರಿ ಬರೆದುಕೊಳ್ಳುವ ಕೌಟುಂಬಿಕ ಘಟನೆಯ ವರದಿಯಲ್ಲಿ ಇದನ್ನು ಹೆಸರಿಟ್ಟು ಬರೆಸಿ. ಬರೆಸದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅದು ಗೊತ್ತಾಗುವ ದಾರಿಯಿಲ್ಲ.

ಊಟವಾದ ಮೇಲೆ ಇದೇ ಹಾಲಿನ ಹಿಂದಿನ ಕೋಣೆಯಲ್ಲಿ ಇಬ್ಬರು ಕಿವುಡ ಗೆಳತಿಯರು, ಒಬ್ಬ ದುಭಾಷಿ ಮತ್ತು ನಾನು ಆ ವರದಿಯ ನಮೂನೆಯನ್ನು ಮೊದಲ ಸಾಲಿನಿಂದ ಓದುತ್ತೇವೆ, ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ನೋಡೋಣ. ನಿಮ್ಮ ನಿಮ್ಮ ಕೇಂದ್ರಗಳ ಭಿತ್ತಿಪತ್ರ ತಂದಿದ್ದರೆ ಅದನ್ನೂ ತನ್ನಿ. ಅದರಲ್ಲಿ ಕರೆಯ ನಂಬರಿನ ಕೆಳಗೆ ಸಂದೇಶಕ್ಕೆ, ವಿಡಿಯೋಗೆ ಒಂದು ನಂಬರು ಸೇರಿಸಬೇಕು, ಆ ಫೋನನ್ನು ರಾತ್ರಿ ಯಾರು ನೋಡುತ್ತಾರೆ ಎಂಬುದನ್ನೂ ಇವತ್ತೇ ತೀರ್ಮಾನಿಸಬೇಕು.